ಜೋಳದ ದಂಟಿನ ಬೆಂಡು

ಗಾಳ ಎಸೆದು ಹತ್ತು ನಿಮಿಷವೂ ಆಗಿರಲಿಲ್ಲ, ಏರಿಯ ಮೇಲಿಂದ ಒಬ್ಬರು ಕೂಗಿದರು. "ಯಾರಿಗೆ ಕೇಳಿ ಹಾಕೀರಿ ಗಾಳ? ಮರಿ ಬಿಟ್ಟವ್ರು ನಾವು, ಹಿಡಿಯೋರು ನೀವೇನು?"

ದಸರಾ ಮುಗಿದ ಮೊದಲ ಭಾನುವಾರ ಅದು. ಜಾಗ, ಕಲಬುರಗಿ ಕಡೆಯ ಆಳಂದ ರಸ್ತೆಯಿಂದ ಒಳಗಿರುವ ಒಂದು ಹಳ್ಳಿಯ ಕೆರೆ. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು, ಕೈಯಲ್ಲಿ ಆನ್‌ಲೈನಿನಲ್ಲಿ ತರಿಸಿದ ಏಳಡಿಯ ಕೋಲು, ಅದಕ್ಕೆ ಹೊಳೆಯುವ ರೀಲು. ಕೆರೆ ಅಂದರೆ ಸರ್ಕಾರದ್ದು, ಸರ್ಕಾರದ್ದು ಅಂದರೆ ಎಲ್ಲರದ್ದು ಅಂತ ತಿಳಿದಿದ್ದೆ. ಕೂಗಿದವರು ಕೆಳಗಿಳಿದು ಬಂದರು. ಅರವತ್ತು ದಾಟಿದ ವಯಸ್ಸು, ಹೆಗಲ ಮೇಲೆ ಮಡಿಸಿದ ಬಲೆ. ಮಗಳನ್ನು ನೋಡಿ ದನಿ ತಗ್ಗಿಸಿದರು, ಆದರೆ ಹೇಳಬೇಕಾದ್ದನ್ನು ಪೂರ್ತಿ ಹೇಳಿದರು. ಆ ಕೆರೆಯನ್ನು ಊರಿನ ಮೀನುಗಾರರ ಸಹಕಾರ ಸಂಘ ಗುತ್ತಿಗೆಗೆ ಹಿಡಿದಿದೆ. ಆಗಸ್ಟಿನಲ್ಲಿ ದುಡ್ಡು ಹಾಕಿ ಮರಿ ತಂದು ಬಿಟ್ಟಿದ್ದಾರೆ. ಯುಗಾದಿ ಆಸುಪಾಸು ಬಲೆ ಎಳೆಯುತ್ತಾರೆ. ಅಲ್ಲಿಯ ತನಕ ಸಾಲ, ಕಾವಲು, ಕಾಯುವುದು. ನಾನು ಅವರ ಬೆಳೆಯೊಳಗೆ ಕೊಕ್ಕೆ ಇಳಿಬಿಟ್ಟಿದ್ದೆ.

ತಪ್ಪಾಯಿತೆಂದು ಹೇಳಿ ದಾರ ಸುತ್ತಿಕೊಂಡೆ. ಹೊರಡುವಾಗ ಅವರು ನನ್ನ ಕೊಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಇದು ನಮ್ಮ ಕೆರಿ ಮೀನಿನ ಬಾಯಾಗ ಹೋಗಂಗಿಲ್ರಿ. ಮುಂದಿನ ಐತವಾರ ಬರ್ರಿ, ಸಂಘದಾಗ ಕೇಳಿ ಹೇಳ್ತೀನಿ."

ಅವತ್ತಿನಿಂದ ಅವರು ನಮಗೆ ಕಾಕಾ. ಗಾಳದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅವರಿಂದ ಬಂದದ್ದು, ಉಳಿದದ್ದು ಕೆರೆಯಿಂದ.

ಸಂಘ ಒಪ್ಪಿತು, ಕರಾರು ಹಾಕಿ. ಒಂದೇ ಕೋಲು. ತೂಬಿನ ಬಲಗಡೆ ಮಾತ್ರ ಕೂರಬೇಕು. ಸಂಘ ಬಿಟ್ಟ ಕಟ್ಲಾ, ರೋಹು, ಮೃಗಾಲ್ ಮೀನು ಬಿದ್ದರೆ ವಾಪಸ್ ನೀರಿಗೆ. ದೊಡ್ಡದನ್ನು ಮನೆಗೆ ಒಯ್ಯುವುದಾದರೆ ಸಂಘದ ದರದಲ್ಲಿ ತೂಕ ಹಾಕಿಸಿ ದುಡ್ಡು ಕೊಡಬೇಕು. ಜಿಲೇಬಿ ಮೀನು ಎಷ್ಟು ಬೇಕಾದರೂ ಹಿಡಿಯಬಹುದು. ಅದು ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ತಂದದ್ದು. ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಹಾಗಾಗಿ ಕೆರೆ ತುಂಬ ಹಬ್ಬುತ್ತದೆ, ಬಿಟ್ಟ ಮರಿಗಳ ಮೇವು ತಿನ್ನುತ್ತದೆ. ಹೊಸದಾಗಿ ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಒಪ್ಪಂದ ಸಿಗಲಾರದು ಅಂತ ಈಗ ಅನಿಸುತ್ತದೆ. ನೀವು ಎಲ್ಲೇ ಕೂರುವುದಾದರೂ ಮೊದಲು ಆ ನೀರು ಯಾರ ಗುತ್ತಿಗೆಯಲ್ಲಿದೆ ಅಂತ ಊರಲ್ಲಿ ಕೇಳಿ. ನದಿ, ಜಲಾಶಯಗಳಾದರೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಪರವಾನಗಿ ವಿಚಾರಿಸಿ. ರಾಜ್ಯದಲ್ಲಿ ಇದಕ್ಕೆಂದೇ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಕೋಲು ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದು. ನಾನು ಉಲ್ಟಾ ಮಾಡಿದೆ.

ಎರಡನೇ ಭಾನುವಾರ ಕಾಕಾ ನನ್ನ ರೀಲು ಕೋಲನ್ನು ಮನೆಯ ಮೂಲೆಗೆ ಇಟ್ಟರು. ಒಡೆದದ್ದಲ್ಲ, ಕೆಟ್ಟದ್ದಲ್ಲ, ಆದರೆ ಅದರಲ್ಲಿ ಕಲಿಯುವುದು ಕಷ್ಟ ಅಂದರು. ಹಿತ್ತಲಿನಿಂದ ಹನ್ನೆರಡು ಅಡಿಯ ಒಂದು ಬಿದಿರು ತಂದರು. ಹೆಬ್ಬೆರಳಿನಷ್ಟು ದಪ್ಪ ಬುಡ, ತುದಿಗೆ ಬರುತ್ತ ಪೆನ್ಸಿಲಿಗಿಂತ ತೆಳು. ಎಣ್ಣೆ ಸವರಿ ನೆರಳಲ್ಲಿ ಒಣಗಿಸಿದ್ದು. ಅದಕ್ಕೆ ರೀಲು ಇಲ್ಲ. ಕೋಲು ಎಷ್ಟು ಉದ್ದವೋ ದಾರವೂ ಅಷ್ಟೇ ಉದ್ದ, ತುದಿಗೆ ಕಟ್ಟಿದ್ದು. ನಾನು ತಂದಿದ್ದ ದಾರ 0.50 ಮಿಲಿಮೀಟರಿನದು. ಅದು ನೀರಲ್ಲಿ ತಂತಿಯ ಹಾಗೆ ನಿಂತುಬಿಡುತ್ತದೆ, ಮೀನು ಕಚ್ಚಿದ್ದನ್ನು ತೋರಿಸಲು ನೀರ ಮೇಲೆ ತೇಲುವ ಬೆಂಡನ್ನು ಎಳೆದಾಡುತ್ತದೆ. ಅದರ ಬದಲು 0.22ರ ನೈಲಾನ್ ದಾರ. ಕೊಕ್ಕೆ 10 ನಂಬರಿನದು. ಕೊಕ್ಕೆಯ ನಂಬರು ಏರಿದಷ್ಟೂ ಕೊಕ್ಕೆ ಸಣ್ಣದಾಗುತ್ತದೆ, ಇದು ಅಂಗಡಿಯಲ್ಲಿ ನನ್ನನ್ನು ದಾರಿ ತಪ್ಪಿಸಿದ ವಿಷಯ. ದೊಡ್ಡ ಮೀನು ಬೇಕೆಂದು ಸಣ್ಣ ಬಾಯಿಯ ಮೀನಿನ ಕೆರೆಗೆ ದೊಡ್ಡ ಕೊಕ್ಕೆ ತಂದಿದ್ದೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿದರು. ದಾರ ಬಿಗಿಯಾಗಿಟ್ಟುಕೊಂಡರೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವಾಗ ಬಾಯಿ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿಕೊಂಡರೂ ಹಾಗೇ ಹಿಂದಕ್ಕೆ ಬರುತ್ತದೆ.

ಆಮೇಲೆ ಬೆಂಡು. ಅಂಗಡಿಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ಕಿನವು ಸಿಗುತ್ತವೆ. ಕಾಕಾ ಕಣಿಕೆ ಬಣವೆಯಿಂದ ಒಂದು ಜೋಳದ ದಂಟು ಎಳೆದುಕೊಂಡು ಬಂದು, ಮೇಲಿನ ಸಿಪ್ಪೆ ಸುಲಿದು, ಒಳಗಿನ ಬಿಳಿ ಬೆಂಡನ್ನು ಬೆರಳುದ್ದ ಕತ್ತರಿಸಿದರು. ಚಿಕ್ಕವರಿದ್ದಾಗ ನಾವೆಲ್ಲ ಅದರಿಂದ ಬಂಡಿ, ಎತ್ತು ಮಾಡಿ ಆಡಿದವರೇ. ಆ ಬೆಂಡಿಗೂ ಗಾಳದ ಬೆಂಡಿಗೂ ಒಂದೇ ಹೆಸರು ಯಾಕಿದೆ ಅನ್ನುವುದು ನನಗೆ ನಲವತ್ತನೆಯ ವಯಸ್ಸಿನಲ್ಲಿ, ಆ ಅಂಗಳದಲ್ಲಿ ಹೊಳೆಯಿತು. ಹಸಿ ಬೆಂಡು ಅರ್ಧ ಗಂಟೆಯಲ್ಲಿ ನೀರು ಕುಡಿದು ಭಾರವಾಗುತ್ತದೆ, ಅದಕ್ಕೇ ಮೇಣದಬತ್ತಿ ಉಜ್ಜಿ, ಬಿಸಿಲಿಗೆ ಹಿಡಿದು, ಮತ್ತೆ ಉಜ್ಜಬೇಕು. ತುದಿಗೆ ಮಗಳು ತನ್ನ ಕೆಂಪು ಉಗುರು ಬಣ್ಣ ಹಚ್ಚಿದಳು. ದಾರದಲ್ಲಿ ಬೆಂಡನ್ನು ಮೇಲೆ ಕೆಳಗೆ ಸರಿಸಲು ಸೈಕಲ್ ವಾಲ್ವಿನ ರಬ್ಬರ್ ಚೂರು ಎರಡು.

ಗಂಟಿಗೆ ಒಂದು ಸಂಜೆ ಪೂರ್ತಿ ಹೋಯಿತು. ಕೊಕ್ಕೆಯ ಕಣ್ಣಿನಲ್ಲಿ ದಾರ ತೂರಿಸಿ, ತುದಿಯನ್ನು ಮೂಲ ದಾರಕ್ಕೆ ಐದು ಸುತ್ತು ಸುತ್ತಿ, ಕಣ್ಣಿನ ಹತ್ತಿರ ಉಳಿದ ಸಣ್ಣ ಕುಣಿಕೆಯೊಳಗೆ ತುದಿ ಹಾಯಿಸಿ ಎಳೆಯುವುದು. ಎಳೆಯುವ ಮುಂಚೆ ಬಾಯಿಯ ಎಂಜಲಿನಿಂದ ಒದ್ದೆ ಮಾಡಲೇಬೇಕು. ಒಣ ನೈಲಾನ್ ಉಜ್ಜಿದರೆ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ನಾನು ಕಳೆದುಕೊಂಡ ಮೊದಲ ಮೂರು ಮೀನಿನಲ್ಲಿ ಎರಡು ಗಂಟು ಜಾರಿ ಹೋದವು, ದಾರ ಹರಿದು ಅಲ್ಲ. ದಾರದ ತುದಿ ಸುರುಳಿ ಸುರುಳಿಯಾಗಿ ವಾಪಸ್ ಬಂದರೆ ಗಂಟು ಜಾರಿದೆ ಅಂತ ಅರ್ಥ.

ಇನ್ನು ಆಳ. ಇದೊಂದನ್ನು ಯಾರೂ ಬಿಡಬಾರದು ಅಂತ ಕೈಮುಗಿದು ಹೇಳುತ್ತೇನೆ. ಗಾಳ ಹಾಕುವ ಹೆಚ್ಚಿನವರು ಬೆಂಡನ್ನು ಅಂದಾಜಿಗೆ ಎಲ್ಲೋ ಇಟ್ಟು ಇಡೀ ದಿನ ಕಾಯುತ್ತಾರೆ. ಕಾಕಾ ಕೊಕ್ಕೆಗೆ ಒಂದು ಭಾರದ ಸೀಸದ ಗುಂಡು ಸಿಕ್ಕಿಸಿ ನೀರಿಗೆ ಬಿಟ್ಟರು. ಬೆಂಡು ಮುಳುಗಿಹೋಯಿತು ಅಂದರೆ ದಾರ ಕಡಿಮೆಯಾಯಿತು; ಮೇಲೆ ಸರಿಸಿದರು. ಬೆಂಡು ಅಡ್ಡ ಮಲಗಿತು ಅಂದರೆ ದಾರ ಹೆಚ್ಚಾಯಿತು, ಕೆಳಗೆ ಸರಿಸಿದರು. ತುದಿ ಮಾತ್ರ ಕಾಣುವ ಹಾಗೆ ನೆಟ್ಟಗೆ ನಿಂತಾಗ ಅಳತೆ ಸರಿ. ಆ ಒಂದು ಮೂಲೆಯಲ್ಲಿ ಹತ್ತು ಕಡೆ ಹೀಗೆ ಅಳೆದೆವು. ತೂಬಿನ ಹತ್ತಿರ ಐದೂವರೆ ಅಡಿ. ಅಲ್ಲಿಂದ ಎರಡು ಮಾರು ಆಚೆಗೆ ಮೂರೇ ಅಡಿ. ನಡುವೆ ಒಂದು ಇಳಿಜಾರು, ಹಿಂದೆಂದೋ ಹೂಳು ತೆಗೆದ ಗುರುತು. ಮೇಲಿನಿಂದ ನೋಡಿದರೆ ಒಂದೇ ಹಾಸು ನೀರು. "ಎರಿ ಹೊಲದಾಗ ಬದು ಎಲ್ಲದ ಅಂತ ಗೊತ್ತಿಲ್ದ ಬಿತ್ತತಾರೇನು?" ಅಂದರು ಕಾಕಾ. ಮೀನು ಆ ಇಳಿಜಾರಿನ ಅಂಚಿನಲ್ಲೇ ಓಡಾಡುತ್ತಿತ್ತು, ಮುಂದಿನ ಆರು ತಿಂಗಳು ನಮಗೆ ಸಿಕ್ಕಿದ್ದೆಲ್ಲ ಅಲ್ಲೇ.

ಯಾವ ಮೀನಿಗೆ ಯಾವ ಆಳ ಅನ್ನುವುದನ್ನು ಅವರು ನೀರಿನಲ್ಲಲ್ಲ, ಕಲಬುರಗಿಯ ಮೀನು ಮಾರುಕಟ್ಟೆಯಲ್ಲಿ ಕಲಿಸಿದರು. ಒಂದು ಬುಟ್ಟಿಯ ಮುಂದೆ ಕೂರಿಸಿ, "ಬಾಯಿ ನೋಡ್ರಿ, ಎಲ್ಲಿ ಉಣತದ ಅಂತ ಬಾಯೇ ಹೇಳ್ತದ" ಅಂದರು. ಕಟ್ಲಾದ ಬಾಯಿ ಮೇಲಕ್ಕೆ ತೆರೆದಿದೆ, ಕೆಳದವಡೆ ಮುಂದೆ ಚಾಚಿದೆ, ಮೀಸೆ ಇಲ್ಲ. ಅದು ಮೇಲ್ಪದರದಲ್ಲಿ ಮೇಯುತ್ತದೆ. ರೋಹುವಿನ ತುಟಿಗೆ ಜಾಲರಿಯ ಅಂಚು, ಅದು ನಡುನೀರಿನದು. ಮೃಗಾಲ್‌ನ ಬಾಯಿ ತಳದಲ್ಲಿದೆ, ಕೆಸರು ಕೆದಕುತ್ತದೆ. ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆ, ಕೊಳವೆಯ ಹಾಗೆ ಮುಂದೆ ಚಾಚುವ ಬಾಯಿ. ತಳದ ಮಣ್ಣನ್ನು ಹೀರಿ, ಬೇಕಾದ್ದಿಟ್ಟುಕೊಂಡು ಬೇಡದ್ದನ್ನು ಉಗುಳುತ್ತದೆ. ಈ ನಾಲ್ಕು ಬಾಯಿ ನೋಡಿದ ಮೇಲೆ ಬೆಂಡನ್ನು ಎಲ್ಲಿ ಕಟ್ಟಬೇಕೆಂದು ನಾನು ಯಾರನ್ನೂ ಕೇಳಿಲ್ಲ.

ಮೇವಿಗೆ ನಮ್ಮ ಮನೆಯ ಜೋಳದ ಹಿಟ್ಟು. ರೊಟ್ಟಿಗೆ ಎಸರಿಟ್ಟು ನಾದುವ ಹಾಗೇ ನಾದಿದ್ದೆ, ನೀರಿಗೆ ಬಿದ್ದ ಕೂಡಲೇ ಕರಗಿಹೋಯಿತು. ಜೋಳದಲ್ಲಿ ಗೋಧಿಯ ಅಂಟು ಇರುವುದಿಲ್ಲ. ಮೂರು ಪಾಲು ಜೋಳಕ್ಕೆ ಒಂದು ಪಾಲು ಗೋಧಿ ಹಿಟ್ಟು ಸೇರಿಸಿ, ಪುಡಿ ಮಾಡಿದ ಶೇಂಗಾ ಹಿಂಡಿ, ಒಂದಿಷ್ಟು ಬೆಲ್ಲ ಹಾಕಿ, ಕಿವಿಯ ಹಾಲೆಯಷ್ಟು ಮೆತ್ತಗೆ ನಾದಿದರೆ ಕೊಕ್ಕೆಯ ಮೇಲೆ ಕಾಲು ಗಂಟೆ ನಿಲ್ಲುತ್ತದೆ. ಶೇಂಗಾದ ವಾಸನೆ ಗೆಂಡೆಯನ್ನು ಎಳೆಯುವಷ್ಟು ಇನ್ನಾವುದೂ ಎಳೆಯುವುದಿಲ್ಲ ಅನ್ನುವುದು ನನ್ನ ಅನುಭವ. ಎರೆಹುಳ ಸಿಕ್ಕರೆ ಎಲ್ಲ ಮೀನಿಗೂ ಸೈ. ದೊಡ್ಡದಕ್ಕೆ ಕಡಲೆ, ರಾತ್ರಿ ನೆನೆಸಿ ಬೇಯಿಸಿದ್ದು. ಒಣ ಕಾಳು ಎಸೆಯಬೇಡಿ, ಅದು ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ. ತವುಡು, ಹಿಂಡಿ ಕಲಸಿದ ಎರಡು ನಿಂಬೆಗಾತ್ರದ ಉಂಡೆಯನ್ನು ಬೆಂಡು ನಿಲ್ಲುವ ಜಾಗಕ್ಕೇ ಎಸೆದು, ಗಂಟೆಗೊಮ್ಮೆ ಇನ್ನೊಂದು. ಹತ್ತು ಕಡೆ ಎಸೆದರೆ ಮೀನು ಹತ್ತು ಕಡೆ ಚೆದುರುತ್ತದೆ.

ಮೊದಲ ಮೀನು ಪಕ್ಕೆ. ಬೆರಳುದ್ದದ್ದು, ಬೆಳ್ಳಿ ಮೈ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ. ಆ ದಿನ ಹದಿನಾಲ್ಕು ಪಕ್ಕೆ ಹಿಡಿದು ಹದಿನಾಲ್ಕನ್ನೂ ಬಿಟ್ಟೆವು. ಮಗಳು ಎಂಟು, ನಾನು ಆರು. ಅವಳ ಕೈ ಹಗುರ, ಅದಕ್ಕೆ. ನಾನು ಬೆಂಡು ಅಲುಗಿದ ಕೂಡಲೇ ಕೋಲನ್ನು ತಲೆಯ ಮೇಲಿಂದ ಬೀಸಿ ಎಳೆಯುತ್ತಿದ್ದೆ, ಕೊಕ್ಕೆ ಬರಿದಾಗಿ ಜಾಲಿ ಮರಕ್ಕೆ ಸಿಕ್ಕುತ್ತಿತ್ತು. ಎಳೆಯುವುದು ತೋಳಿನ ಕೆಲಸವಲ್ಲ, ಮಣಿಕಟ್ಟಿನದು. ಚಹಾದ ಕಪ್ಪು ತುಟಿಗೆ ಎತ್ತಿದಷ್ಟು ಎತ್ತಿದರೆ ಸಾಕು.

ಬೆಂಡಿನ ಭಾಷೆ ನಿಧಾನಕ್ಕೆ ತಿಳಿಯಿತು. ಟುಕು ಟುಕು ಅಂತ ಬಿಡದೆ ಕುಣಿದರೆ ಪಕ್ಕೆ ಅಥವಾ ಜಿಲೇಬಿಯ ಮರಿ, ಕಾಯಬೇಕು. ಎರಡು ಸಲ ಬಾಗಿ ಓರೆಯಾಗಿ ಜಾರಿದರೆ ದೊಡ್ಡ ಜಿಲೇಬಿ. ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗಿದರೆ, ಆಗ ಎದೆ ಡವಗುಟ್ಟುತ್ತದೆ. ಗೆಂಡೆ ತಳದ ಹಿಟ್ಟನ್ನು ಬಾಯಿಗೆ ತೆಗೆದುಕೊಂಡು ತಲೆ ಎತ್ತಿದೆ, ಸೀಸದ ಭಾರ ಬೆಂಡಿನಿಂದ ಇಳಿದಿದೆ. ಈ ಸುದ್ದಿ ಕಾಣಬೇಕಾದರೆ ಬೆಂಡಿಗೆ ಸೀಸದ ಚೂರುಗಳನ್ನು ಹಚ್ಚಿ ಹಚ್ಚಿ ಉಗುರಿನಷ್ಟು ತುದಿ ಮಾತ್ರ ಹೊರಗಿರುವ ಹಾಗೆ ಕೂರಿಸಿರಬೇಕು. ಅರ್ಧ ಬೆಂಡು ನೀರ ಮೇಲೆ ತೇಲುತ್ತಿದ್ದರೆ ಗೆಂಡೆಗೆ ಎಳೆತ ಗೊತ್ತಾಗಿ ಉಗುಳಿಬಿಡುತ್ತದೆ.

ಮಾತಾಡಿದರೆ ಮೀನು ಓಡುತ್ತದೆ ಅಂತ ನಾನು ಮಗಳನ್ನು ಸುಮ್ಮನಿರಿಸುತ್ತಿದ್ದೆ. ಕಾಕಾ ಬೇಡ ಅಂದರು. "ಮಾತಾಡಲಿ ಬಿಡ್ರಿ. ಕಾಲು ಬಡೀಬ್ಯಾಡ್ರಿ, ಅಷ್ಟ ಸಾಕು." ಗೆಂಡೆ ಜಾತಿಯ ಮೀನುಗಳಲ್ಲಿ ಗಾಳಿಚೀಲದಿಂದ ಒಳಗಿವಿಗೆ ಸಣ್ಣ ಮೂಳೆಗಳ ಸರಪಳಿ ಇದೆ, ಅವುಗಳ ಕಿವಿ ಬಹಳ ಚುರುಕು. ಮಾತಿನ ಸದ್ದು ಗಾಳಿಯಿಂದ ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ. ಏರಿಯ ಕಲ್ಲಿನ ಮೇಲೆ ಬಿದ್ದ ಹೆಜ್ಜೆ ನೇರ ಇಳಿಯುತ್ತದೆ. ಅಂದಿನಿಂದ ಚಪ್ಪಲಿ ದೂರ ಬಿಟ್ಟು ನಡೆಯುತ್ತೇವೆ, ಮಾತು ಮಾತ್ರ ನಿಲ್ಲಿಸಿಲ್ಲ. ಶಾಲೆಯ ವಿಷಯ ನನಗೆ ಮನೆಯಲ್ಲಿ ಹೇಳದ್ದನ್ನೆಲ್ಲ ಅವಳು ಹೇಳಿದ್ದು ಆ ತೂಬಿನ ಪಕ್ಕ.

ಡಿಸೆಂಬರಿನ ಕೊನೆಗೆ ಹೊಸ ತೊಗರಿ ಬರಲು ಶುರುವಾಯಿತು. ನಾನು ಲೆಕ್ಕ ಬರೆಯುವುದು ದಾಲ್ ಮಿಲ್ಲಿನಲ್ಲಿ. ಆ ದಿನಗಳಲ್ಲಿ ನಮಗೆ ಭಾನುವಾರವೆಂಬುದಿಲ್ಲ. ಮತ್ತೆ ಕೆರೆಗೆ ಹೋದದ್ದು ಶಿವರಾತ್ರಿ ಕಳೆದ ಮೇಲೆ. ಅಷ್ಟರಲ್ಲಿ ನೀರು ಎರಡು ಅಡಿ ಇಳಿದಿತ್ತು. ಆಳ ಮತ್ತೆ ಅಳೆದೆವು.

ಆ ವಾರವೇ ಗೆಂಡೆ ಬಿತ್ತು. ಬೆಂಡು ಎದ್ದು ಮಲಗಿತು, ಮಣಿಕಟ್ಟು ಎತ್ತಿದೆ, ಬಿದಿರು ಬಿಲ್ಲಾಯಿತು. ನಾನು ಎದ್ದು ನಿಂತು ಹಿಂದಕ್ಕೆ ಜಗ್ಗಿದೆ. ಮೂರನೆಯ ಜಿಗಿತಕ್ಕೆ ದಾರ ಹರಿಯಿತು. ಮೀನು ಎಳೆದ ಕಡೆಗೆ ಕೋಲು ನೇರವಾಗಿತ್ತು, ಬಾಗು ಉಳಿದಿರಲಿಲ್ಲ. ಕೋಲಿನ ಬಾಗೇ ಮೀನನ್ನು ದಣಿಸುವುದು, ದಾರವಲ್ಲ. ಕಾಕಾ ಏನೂ ಅನ್ನಲಿಲ್ಲ. ಮೂಲೆಯಲ್ಲಿದ್ದ ನನ್ನ ರೀಲು ಕೋಲನ್ನು ಮುಂದಿನ ವಾರ ತಾವೇ ತಂದರು. "ಈಗ ಇದು ಹಿಡೀರಿ."

ರೀಲಿನಲ್ಲಿ ಡ್ರ್ಯಾಗ್ ಅಂತ ಒಂದು ತಿರುಪು ಇರುತ್ತದೆ. ಅದನ್ನು ದಾರ ತಾಳುವ ಭಾರದ ಮೂರನೇ ಒಂದು ಪಾಲಿಗೆ ಸರಿಯಾಗಿ ಸಡಿಲಿಸಿಟ್ಟರೆ, ಮೀನು ಜೋರಾಗಿ ಓಡಿದಾಗ ದಾರ ಹರಿಯುವ ಬದಲು ಬಿಚ್ಚಿಕೊಳ್ಳುತ್ತದೆ. ಮೀನು ಓಡುವಾಗ ಸುತ್ತಬಾರದು, ನಿಂತಾಗ ಸುತ್ತಬೇಕು. ಕೋಲನ್ನು ಮೇಲೆತ್ತಿ, ಇಳಿಸುತ್ತ ಸುತ್ತಿ, ಮತ್ತೆ ಎತ್ತುವುದು. ಅವತ್ತು ಎರಡು ಕಿಲೋ ನಾನೂರು ಗ್ರಾಂ ಗೆಂಡೆಯನ್ನು ದಂಡೆಗೆ ತರಲು ಹನ್ನೊಂದು ನಿಮಿಷ ಬೇಕಾಯಿತು. ಮಗಳು ಕೈಬಲೆಯನ್ನು ಮೊದಲೇ ನೀರಲ್ಲಿ ಮುಳುಗಿಸಿ ಹಿಡಿದಿದ್ದಳು, ನಾನು ಮೀನನ್ನು ಅದರ ಮೇಲಕ್ಕೆ ಎಳೆದೆ. ಬಲೆ ಹಿಡಿದು ಮೀನಿನ ಹಿಂದೆ ಓಡಿದರೆ ಅದು ಹೊಸ ಬಲ ತಂದುಕೊಳ್ಳುತ್ತದೆ. ತೂಕ ಹಾಕಿಸಿ ಸಂಘಕ್ಕೆ ದುಡ್ಡು ಕೊಟ್ಟೆ, ರಸೀದಿ ಬರೆಸಿಕೊಂಡೆ. ಒಯ್ಯುವ ಮೀನನ್ನು ಕಣ್ಣಿನ ಹಿಂದೆ, ತಲೆಯ ಮೇಲೆ ಒಂದೇ ಪೆಟ್ಟಿಗೆ ಮುಗಿಸಬೇಕು. ಚೀಲದಲ್ಲಿ ಒದ್ದಾಡಿಸುತ್ತ ಮನೆಗೆ ತರುವುದು ನನಗೆ ಒಪ್ಪದ ಕೆಲಸ. ಬಿಡುವ ಮೀನನ್ನಾದರೆ ಒದ್ದೆ ಕೈಯಲ್ಲೇ ಹಿಡಿಯಬೇಕು, ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ, ಆಮೇಲೆ ಅಲ್ಲಿ ಹುಣ್ಣಾಗುತ್ತದೆ. ಕೊಕ್ಕೆ ಗಂಟಲೊಳಗೆ ಇಳಿದಿದ್ದರೆ ಎಳೆಯದೆ ದಾರವನ್ನೇ ಕತ್ತರಿಸಿ ಬಿಡಿ.

ಮಾರ್ಚಿನಲ್ಲಿ ಚೇಳು ಮೀನು ಕುಟುಕಿತು. ಎರೆಹುಳಕ್ಕೆ ಬಿದ್ದದ್ದು, ಗೇಣುದ್ದದ ಕಂದು ಬಣ್ಣದ ಮೀನು, ಮೈಮೇಲೆ ಹುರುಪೆ ಇಲ್ಲ, ಬಾಯಿಯ ಸುತ್ತ ಎಂಟು ಮೀಸೆ. ಪಕ್ಕೆ ಹಿಡಿದ ಹಾಗೆ ಹಿಡಿದೆ. ಎದೆಯ ರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ಇಳಿಯಿತು. ಉರಿ ಮೊಣಕೈ ತನಕ ಏರಿತು, ಬೆವರು ಇಳಿಯಿತು. ಕಾಕಾ ಓಡಿಸಿಕೊಂಡು ಮನೆಗೆ ಕರೆದೊಯ್ದು ಒಲೆಯ ಮೇಲಿನ ಬಿಸಿನೀರಿಗೆ ತಣ್ಣೀರು ಬೆರೆಸಿ, ಇನ್ನೊಂದು ಕೈಯಿಂದ ಹದ ನೋಡಿಕೊಳ್ಳಲು ಹೇಳಿ, ತಾಳುವಷ್ಟು ಬಿಸಿಯಲ್ಲಿ ಬೆರಳು ಅದ್ದಿಸಿದರು. ಮುಕ್ಕಾಲು ಗಂಟೆಯಲ್ಲಿ ನೋವು ಅರ್ಧಕ್ಕಿಳಿಯಿತು. ಆ ವಿಷ ಪ್ರೋಟೀನಿನದು, ಬಿಸಿಗೆ ಕೆಡುತ್ತದೆ ಅಂತ ಸಂಜೆ ಧನುರ್ವಾಯು ಚುಚ್ಚುಮದ್ದು ಹಾಕಿದ ಡಾಕ್ಟರು ವಿವರಿಸಿದರು. ಅಂದಿನಿಂದ ಮೀಸೆಯ ಮೀನು ಯಾವುದೇ ಬರಲಿ, ಇಕ್ಕಳದಿಂದ ಕೊಕ್ಕೆ ಹಿಡಿದು ಬಿಡಿಸುತ್ತೇನೆ, ಮೈ ಮುಟ್ಟುವುದಿಲ್ಲ. ನಮ್ಮ ಚೀಲದಲ್ಲಿ ಈಗ ಥರ್ಮಾಸಿನಲ್ಲಿ ಬಿಸಿನೀರು ಇರುತ್ತದೆ.

ಏಪ್ರಿಲಿನಲ್ಲಿ ಒಮ್ಮೆ ಅಫಜಲಪುರ ಕಡೆಯ ಭೀಮಾ ದಂಡೆಗೆ ಹೋದೆವು, ಮಗಳನ್ನು ಬಿಟ್ಟು. ಕೆರೆ ಕಲಿತವನಿಗೆ ನದಿ ಬೇರೆಯೇ ಪಾಠ. ನೀರು ಮಡುಗಳಿಗೆ ಇಳಿದಿತ್ತು. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ, ಮೊಣಕಾಲಿನಷ್ಟಿದ್ದ ನೀರು ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟಾಗುತ್ತದೆ. ಭೀಮಾ, ಕೃಷ್ಣಾ ಎರಡರಲ್ಲೂ ಮೊಸಳೆಗಳಿವೆ, ಹಾಗಾಗಿ ನೀರಂಚಿನಲ್ಲಿ ಕೂರುವುದು, ಅಲ್ಲೇ ಮೀನು ತೊಳೆಯುವುದು ಬೇಡ. ಮಳೆಗಾಲದಲ್ಲಂತೂ ನಮ್ಮಲ್ಲಿ ಹನಿ ಬೀಳದಿದ್ದರೂ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಸೊನ್ನ ಬ್ಯಾರೇಜಿನ ಗೇಟು ಏಳುತ್ತದೆ. 2020ರ ಅಕ್ಟೋಬರಿನ ಮಹಾಪೂರ ನೋಡಿದ ಊರುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶಹಾಬಾದ್ ಕಡೆಯ ನೀರು ತುಂಬಿದ ಹಳೇ ಪರ್ಸಿ ಕಲ್ಲಿನ ಗಣಿಗಳು ನೋಡಲು ತಿಳಿಯಾಗಿರುತ್ತವೆ, ಅವುಗಳ ಗೋಡೆ ನೆಟ್ಟಗಿದೆ, ಬಿದ್ದವರಿಗೆ ಹತ್ತಲು ದಾರಿ ಇಲ್ಲ. ಕಲಿಯುವವರು ಅಲ್ಲಿಗೆ ಹೋಗಲೇಬೇಡಿ. ಗಾಣಗಾಪುರದ ಸಂಗಮದಲ್ಲಿ, ಅಮರ್ಜಾ ಭೀಮೆಗೆ ಸೇರುವಲ್ಲಿ, ಜನ ಸ್ನಾನಕ್ಕೆ ಇಳಿಯುತ್ತಾರೆ. ಅಲ್ಲಿ ಕೊಕ್ಕೆ ಎಸೆಯುವುದು ನನ್ನ ಲೆಕ್ಕಕ್ಕೆ ತಪ್ಪು.

ನದಿಯಲ್ಲಿ ಅವತ್ತು ಒಂದು ಗಿರ್ಲು ಮೀನು ಬಿಟ್ಟರೆ ಏನೂ ಬೀಳಲಿಲ್ಲ. ಆದರೆ ಗಾಳದವರೆಲ್ಲ ಕನಸಿನಲ್ಲಿ ಕಾಣುವ ದಖನ್ನಿನ ಮಹಸೀರ್ ಮೀನನ್ನು ಸೈಕ್ಸ್ ಎಂಬ ಅಧಿಕಾರಿ 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಮುಳಾ ಮುಠಾ ಹೊಳೆಯಿಂದ, ಆ ಹೊಳೆ ಬಂದು ಸೇರುವುದು ಇದೇ ಭೀಮೆಗೆ ಅನ್ನುವುದು ನೆನಪಾಗಿ, ಬರಿಗೈಯಲ್ಲಿ ಕೂತಿದ್ದರೂ ಖುಷಿಯಾಗಿತ್ತು. ಬರುವಾಗ ಜಾಲಿ ಗಿಡದಲ್ಲಿ ಯಾರೋ ಬಿಟ್ಟುಹೋದ ನೈಲಾನ್ ದಾರಕ್ಕೆ ಕಾಲು ಸಿಕ್ಕಿಸಿಕೊಂಡ ಬೆಳ್ಳಕ್ಕಿಯೊಂದನ್ನು ಬಿಡಿಸಿದೆವು. ಒಂದು ಕಾಲು ಕಪ್ಪಗಾಗಿತ್ತು. ಹಾರಿತು, ಆದರೆ ಬದುಕಿತೋ ಇಲ್ಲವೋ. ಹರಿದ ದಾರವನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡು ಬರುವುದು ಗಂಟು ಹಾಕುವಷ್ಟೇ ಮುಖ್ಯವಾದ ಕಲಿಕೆ.

ಮೇ ತಿಂಗಳಲ್ಲಿ ಬಿಸಿಲು ನಲವತ್ತೆರಡು ಮುಟ್ಟಿದಾಗ ನಸುಕಿನ ಐದಕ್ಕೇ ಹೋಗಿ ಕೂರುತ್ತಿದ್ದೆವು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು, ಒಂದೂ ಹಿಟ್ಟು ಮುಟ್ಟುತ್ತಿರಲಿಲ್ಲ. ಹಸಿವಲ್ಲ ಅದು, ಉಸಿರಾಟ. ರಾತ್ರಿಯೆಲ್ಲ ಪಾಚಿ, ಜೊಂಡು ಕೂಡ ನೀರಿನ ಆಮ್ಲಜನಕವನ್ನೇ ಬಳಸುತ್ತವೆ, ಬೆಚ್ಚಗಿನ ನೀರು ಅದನ್ನು ಮೊದಲೇ ಕಡಿಮೆ ಹಿಡಿದಿರುತ್ತದೆ. ಹಾಗಾಗಿ ಗಿಡ ತುಂಬಿದ ಕೆರೆಯಲ್ಲಿ ಸೂರ್ಯ ಹುಟ್ಟುವ ಹೊತ್ತೇ ಅತಿ ಕೆಟ್ಟದ್ದು. ಬಿಸಿಲು ಬಿದ್ದು ಒಂದೂವರೆ ಗಂಟೆಯಾದ ಮೇಲೆ ಮೇಯಲು ಶುರುಮಾಡುತ್ತವೆ, ಒಂಬತ್ತೂವರೆಗೆ ಮತ್ತೆ ನಿಲ್ಲಿಸುತ್ತವೆ. ಆಗ ಹಿಡಿದು ದಣಿಸಿದ ಮೀನು ಬಿಟ್ಟರೂ ಬದುಕುವುದು ಕಷ್ಟ. ಮೇ ಕೊನೆಗೆ ಕೋಲು ಅಟ್ಟಕ್ಕೇರಿಸಿದೆವು.

ಜೂನಿನಲ್ಲಿ ಒಳ್ಳೆಯ ಮಳೆಯಾದ ಮೇಲೆ, ಕೋಲಿಲ್ಲದೆಯೇ ಕೆರೆ ನೋಡಲು ಹೋದಾಗ, ಜೊಂಡಿನ ನಡುವೆ ಒಂದು ಕೇಸರಿ ಬಣ್ಣದ ಚಕ್ಕೆ ಸರಿದಾಡುತ್ತಿತ್ತು. ಕೊರವ ಮೀನಿನ ಮರಿಗಳು, ನೂರಾರು, ಗುಂಪಾಗಿ ಏಳುತ್ತ ಮುಳುಗುತ್ತ ಇದ್ದವು. ಕೊರವ ಗಾಳಿ ಉಸಿರಾಡುವ ಮೀನು, ಮರಿಗಳಿಗೂ ಮೇಲೆ ಬರಬೇಕು. ಅವುಗಳ ಕೆಳಗೆ ಎರಡು ದಪ್ಪ ನೆರಳು, ಅಪ್ಪ ಅಮ್ಮ. ಈ ಹೊತ್ತಿನಲ್ಲಿ ಅವು ಮರಿಯ ಹತ್ತಿರ ಏನು ಬಂದರೂ ಕಚ್ಚುತ್ತವೆ, ಅದಕ್ಕೇ ಕಪ್ಪೆಯನ್ನು ಕೊಕ್ಕೆಗೆ ಕಟ್ಟಿ ಇಳಿಬಿಡುವವರಿದ್ದಾರೆ. ತಾಯಿ ತಂದೆ ಹೋದ ಮರಿಗಳನ್ನು ಒಂದೇ ದಿನದಲ್ಲಿ ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಕಾಕಾ ಹೇಳಿದ ಮಾತಲ್ಲಿ ಅತಿ ಗಟ್ಟಿಯಾದದ್ದು ಇದು: "ಕೆಂಪು ಮರಿ ಕಂಡ್ರ ಗಾಳ ಸುತ್ತಬೇಕು. ಹೊಟ್ಟಿಗಿ ಇಲ್ಲದ ದಿನಾನೂ ನಮ್ಮಪ್ಪ ಸುತ್ಯಾನ."

ಶ್ರಾವಣ ಬಂತು, ಮನೆಯಲ್ಲಿ ಮೀನು ಬೇಯಿಸುವುದು ನಿಂತಿತು. ಆಗಸ್ಟಿನ ಒಂದು ಮುಂಜಾನೆ ಕಾಕಾನ ಫೋನು. "ಮರಿ ಗಾಡಿ ಬರ್ತದ, ಬರ್ರಿ. ಹುಡುಗೀನೂ ಕರ್ಕೊಂಡು ಬರ್ರಿ."

ಗಾಡಿಯಲ್ಲಿ ಆಮ್ಲಜನಕ ತುಂಬಿ ಬಾಯಿ ಕಟ್ಟಿದ ಪಾಲಿಥಿನ್ ಚೀಲಗಳು, ಒಂದೊಂದರಲ್ಲೂ ಬೆರಳುದ್ದದ ಮರಿಗಳು. ಕಟ್ಲಾ, ರೋಹು, ಮೃಗಾಲ್ ಹರಿಯುವ ನದಿಯಲ್ಲಿ ಮೊಟ್ಟೆಯಿಡುವ ಮೀನುಗಳು, ನಿಂತ ಕೆರೆಯಲ್ಲಿ ಎಷ್ಟು ವರ್ಷವಿದ್ದರೂ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಹೀಗೆ ಹಳ್ಳಿ ಹಳ್ಳಿಯ ಕೆರೆಗೆ ಮರಿ ಬರುವುದು ಸಾಧ್ಯವಾದದ್ದು. ನಾನು ಹೋದ ವರ್ಷ ಕೇಳದೆ ಕೊಕ್ಕೆ ಇಳಿಸಿದ ನೀರಿಗೆ ಈ ಮೂರು ಮೀನು ಬರುವ ದಾರಿ ಇದೊಂದೇ.

ಮಗಳು ಚೀಲದ ಗಂಟು ಬಿಚ್ಚಲು ಹೋದಳು. ಸಂಘದ ಹೆಣ್ಣುಮಗಳೊಬ್ಬರು ಕೈ ಹಿಡಿದು ತಡೆದರು. ಚೀಲದ ನೀರು ಒಂದು ಬಿಸಿ, ಕೆರೆಯದು ಇನ್ನೊಂದು ಬಿಸಿ. ಹಾಗೇ ಸುರಿದರೆ ಮರಿ ತತ್ತರಿಸಿ ಸಾಯುತ್ತವೆ. ಕಟ್ಟಿದ ಚೀಲವನ್ನೇ ಇಪ್ಪತ್ತು ನಿಮಿಷ ಕೆರೆಯಲ್ಲಿ ತೇಲಿಸಿ, ಆಮೇಲೆ ಬಾಯಿ ಬಿಚ್ಚಿ ಕೆರೆಯ ನೀರನ್ನು ಬೊಗಸೆ ಬೊಗಸೆಯಾಗಿ ಒಳಗೆ ಬಿಟ್ಟು, ಕೊನೆಗೆ ಚೀಲವನ್ನು ಓರೆ ಮಾಡಬೇಕು. ತಾವಾಗಿ ಹೊರಗೆ ಈಜಬೇಕು, ಸುರಿಯಬಾರದು.

ತೂಬಿನ ಬಲಗಡೆ, ನಮ್ಮ ಜಾಗದಲ್ಲಿ, ಮೊಣಕಾಲು ನೀರಿನಲ್ಲಿ ನಿಂತು ಅವಳು ಒಂದು ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಇಪ್ಪತ್ತು ನಿಮಿಷ ಆಯಿತೇ ಅಂತ ನನ್ನನ್ನು ನಾಲ್ಕು ಸಲ ಕೇಳಿದಳು. ಓರೆ ಮಾಡಿದಾಗ ಮೊದಲ ಮರಿಗಳು ಬಾಯಿಯ ತನಕ ಬಂದು ತಿರುಗಿ ಒಳಗೇ ಹೋದವು. ಆಮೇಲೆ ಒಂದು ದಾಟಿತು, ಅದರ ಹಿಂದೆ ಎಲ್ಲವೂ, ಇಳಿಜಾರಿನ ಕಡೆಗೆ.